ಮನಸ್ಸಿಲ್ಲದ ಮಾರಾಟ

ಜಾಹೀರಾತಿನ ಕೊನೆಯ ಎರಡು ಶಬ್ದಗಳನ್ನು ಬರೆದದ್ದು ತಾನಲ್ಲ ಎಂಬುದು ಬ್ಯಾಪ್ಟಿಸ್ಟನಿಗೆ ಖಾತ್ರಿಯಿತ್ತು. ಉಳಿದದ್ದೆಲ್ಲ ಅವನದೇ. ಸಾವಿರದ ಒಂಬೈನೂರ ಮೂವತ್ತನಾಲ್ಕರ ಕೂಪ್ ಕಾರು, ಎರಡು ಬಾಗಿಲು, ಮೂರು ಇಂಚು ಕತ್ತರಿಸಿ ತಗ್ಗಿಸಿದ ಮಾಡು, ಹಳೆಯ ಉಕ್ಕಿನ ಮೈಯೊಳಗೆ ಹೊಸ ಕಾಲದ ಎಂಜಿನ್ನು, ಬ್ರೇಕು. ಇಲ್ಲಿಯವರು ಸ್ಟ್ರೀಟ್ ರಾಡ್ ಎನ್ನುವ ಜಾತಿ. ಬಣ್ಣದ ಹೆಸರು ಬರೆಯಲು ಮಾತ್ರ ಅವನಿಗೆ ಅರ್ಧ ಗಂಟೆ ಹಿಡಿದಿತ್ತು. ಕಡುಗೆಂಪು ಎಂದರೆ ಸುಳ್ಳಾಗುತ್ತಿತ್ತು, ನೇರಳೆ ಎಂದರೂ ಸುಳ್ಳೇ. ಅದು ಪುನರ್ಪುಳಿ ಶರಬತ್ತಿನ ಬಣ್ಣ, ಆದರೆ ಅದನ್ನು ಇಂಗ್ಲಿಷಿನಲ್ಲಿ ಬರೆದರೆ ಯಾರಿಗೆ ತಿಳಿಯಬೇಕು? ಒಂದೊಂದು ವಾಕ್ಯವನ್ನೂ ನಾಲ್ಕು ಸಲ ಬರೆದು ಅಳಿಸಿ, ಎಲ್ಲಿಯೂ ಹೆಚ್ಚು ಹೇಳಿಲ್ಲವಷ್ಟೆ ಎಂದು ನೋಡಿಕೊಂಡು, ಪರ್ತ್‌ನಲ್ಲಿರುವ ಹೆಲೆನ್‌ಗೆ ಕಳಿಸಿದ್ದ. ಕಾರು ಅವಳ ತಂದೆಯದು. ಅವಳು ಅದನ್ನು ಹಾಗೆಯೇ ಹಾಕಿ, ಕೊನೆಗೆ 'ಮನಸ್ಸಿಲ್ಲದ ಮಾರಾಟ' ಎಂದು ಸೇರಿಸಿದ್ದಳು. ಈ ದೇಶದಲ್ಲಿ ಹಳೆಯ ಕಾರು ಮಾರುವವರೆಲ್ಲ ಬರೆಯುವ ಮಾತು ಅದು, ಅದಕ್ಕೆ ಅರ್ಥವಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಕಳೆದ ಎರಡು ವಾರಗಳಿಂದ ಬಸ್ ಡಿಪೋದಲ್ಲಿ ಊಟದ ಹೊತ್ತಿಗೆ ಫೋನು ತೆಗೆದು ಆ ಎರಡು ಶಬ್ದಗಳನ್ನು ನೋಡುತ್ತಿದ್ದ. ಯಾರ ಮನಸ್ಸು ಎಂದು ಅವಳು ಬರೆದಿರಲಿಲ್ಲ.

"ಇವತ್ತು ಬರ್ತಾನಲ್ಲಾ ಆ ಬ್ರಿಸ್ಬೇನಿನವ?" ಹೆಂಡತಿ ವಯೊಲೆಟ್ ಆಸ್ಪತ್ರೆಯ ಸಮವಸ್ತ್ರದಲ್ಲಿ ನಿಂತೇ ಚಹಾ ಕುಡಿಯುತ್ತಿದ್ದಳು.

"ಹನ್ನೊಂದು ಗಂಟೆಗೆ."

"ನಮ್ಮವನೇ ಅಂತೆ?"

"ಮೈಸೂರಿನವ. ಉತ್ತಮ್ ಅಂತ ಹೆಸರು. ಅಲ್ಲೇ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿ ಯಾವುದೋ ಆಫೀಸು."

"ಒಳ್ಳೇದಾಯ್ತು. ಕನ್ನಡದಲ್ಲೇ ಕೊಟ್ಟು ಕಳಿಸಬಹುದು." ಅವಳು ಲೋಟವನ್ನು ಸಿಂಕಿನಲ್ಲಿಟ್ಟು ತಿರುಗಿದಳು. "ಆರು ವರ್ಷ ಶನಿವಾರ ಶನಿವಾರ ಆ ಶೆಡ್ಡಿನಲ್ಲಿ ಬೆನ್ನು ಬಗ್ಗಿಸಿ ಕೂತದ್ದು ಬೇಡ ಹೇಳ್ಲಿಕ್ಕಾ ಮಾರಾಯ್ರೆ?"

"ನಾನು ಬೇಡ ಹೇಳ್ಲಿಲ್ಲ."

"ಮತ್ತೆ ಎಂತ ಹೇಳಿದ್ದು?"

"ಬೇಡ ಅಂತ ಹೇಳಿದೆ. ಆದ್ರೆ ಹಾಗೆ ಅಲ್ಲ."

ಮೇಜಿನ ಆ ಕಡೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಏಂಜೆಲಾ ತಲೆಯೆತ್ತದೆ, "ಪಪ್ಪಾ, ಜಸ್ಟ್ ಕಾಲ್ ಹರ್. ಸೇ ಯೂ ಚೇಂಜ್ಡ್ ಯುವರ್ ಮೈಂಡ್" ಎಂದಳು. ಅಷ್ಟು ಸುಲಭವಿದ್ದಿದ್ದರೆ ಎಂದು ಬ್ಯಾಪ್ಟಿಸ್ಟನಿಗೆ ಅನ್ನಿಸಿತು. ಮನಸ್ಸು ಬದಲಾಯಿಸಿದೆ ಎಂದು ಹೇಳಬಹುದಿತ್ತು. ಆದರೆ ಅವನ ಮನಸ್ಸು ಬದಲಾಗಿರಲಿಲ್ಲ. ಬೇಡ ಎಂದ ದಿನವೂ ಬೇಕೆಂದೇ ಇತ್ತು. ಹಾಗಿತ್ತೆಂದು ಈಗ ಅನ್ನಿಸುತ್ತಿದೆಯೇ, ಆಗಲೂ ಹಾಗೇ ಇತ್ತೇ ಎಂಬುದನ್ನು ಮಾತ್ರ ಅವನು ಪ್ರಮಾಣ ಮಾಡಿ ಹೇಳಲಾರ.

ಅವನ ಬಡಾವಣೆ ಮಾಸನ್ ಲೇಕ್ಸ್‌ನ ಹೊಸ ಮನೆಗಳು ಮುಗಿದು ಹಳೆಯ ಬೀದಿಗಳು ಶುರುವಾಗುವಲ್ಲಿ ಹೆಲೆನ್ ತಂದೆ ಲೆಸ್ ಅವರ ಮನೆ. ನಡೆದರೆ ಹನ್ನೆರಡು ನಿಮಿಷ. ಕೈಯಲ್ಲಿ ಬೀಗದ ಕೈ ಹಿಡಿದು, ಬಿಸಿಲಿದ್ದರೂ ಚಳಿ ಬಿಡದ ಆಗಸ್ಟಿನ ಬೆಳಗಿನಲ್ಲಿ ನಡೆಯುತ್ತ, ಅವನು ಆ ಮಾರ್ಚ್ ತಿಂಗಳ ಶನಿವಾರವನ್ನು ಮತ್ತೊಮ್ಮೆ ಮೊದಲಿನಿಂದ ಜೋಡಿಸಲು ನೋಡಿದ. ಲೆಸ್ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡು ಆಸ್ಪತ್ರೆಯಿಂದ ಬಂದ ಮೊದಲ ಶನಿವಾರ. ಎಂಬತ್ತೊಂದು ವರ್ಷದ ಮನುಷ್ಯ. ಲೆಸ್ ಎಂದು ಹೆಸರು ಹಿಡಿದು ಕರೆಯಲು ಬ್ಯಾಪ್ಟಿಸ್ಟನಿಗೆ ಒಂದು ವರ್ಷ ಬೇಕಾಗಿತ್ತು. ಬಾಯಿ ರೂಢಿಯಾದರೂ ಮನಸ್ಸಿನಲ್ಲಿ ಇಂದಿಗೂ ಬಹುವಚನವೇ. ಅವರು ಬೆನ್ನು ಹಾಕಿ ನಿಂತು, ಒರೆಸುವ ಅಗತ್ಯವಿಲ್ಲದ ಸ್ಪ್ಯಾನರನ್ನು ಒರೆಸುತ್ತಿದ್ದರು. "ಇದನ್ನು ನೀನೇ ತಗೋ ಬ್ಯಾಪ್. ಹೆಲೆನ್‌ಗೆ ಇದರಿಂದ ಏನಾಗಬೇಕಿದೆ" ಎಂದರು. ಇಷ್ಟೇ. ಇದರಲ್ಲಿ 'ಕೊಡುತ್ತೇನೆ' ಎಂಬ ಮಾತಿತ್ತೇ? ಕೊಂಡುಕೋ ಎಂದಿದ್ದರೇ? ಸದ್ಯಕ್ಕೆ ನೋಡಿಕೋ ಎಂದಿದ್ದರೇ? ಅವನು ಆಗ ಇದನ್ನೆಲ್ಲ ಯೋಚಿಸಿರಲಿಲ್ಲ. ಎದೆಯಲ್ಲಿ ಏನೋ ಧಡಕ್ಕೆಂದು ಎದ್ದು, ಅದು ಮುಖಕ್ಕೆ ಬರುವ ಮೊದಲೇ ಬಾಯಿಂದ, "ಅಯ್ಯೋ, ಇಲ್ಲ ಇಲ್ಲ, ಲೆಸ್, ಅದು ಹೇಗಾಗ್ತದೆ" ಎಂದು ಬಂದುಬಿಟ್ಟಿತ್ತು. ಎರಡು ಕೈಗಳೂ ಮೇಲೆದ್ದು ಬೇಡವೆಂದು ಅಲ್ಲಾಡಿದ್ದವು. ಆಮೇಲೆ ಅವನು ಕಾದ. ಕಾದದ್ದು ಎಷ್ಟು ಹೊತ್ತೋ. ಲೆಸ್, "ಸರಿ, ನಿನ್ನಿಷ್ಟ" ಎಂದು ಸ್ಪ್ಯಾನರನ್ನು ಗೋಡೆಗೆ ತೂಗುಹಾಕಿ ಫುಟ್ಬಾಲಿನ ಮಾತು ತೆಗೆದರು.

ಬಂಟ್ವಾಳದ ದೊಡ್ಡಮ್ಮನ ಮನೆಯಲ್ಲಿ ಕ್ರಿಸ್ಮಸ್ಸಿನ ತಿಂಡಿಯ ತಟ್ಟೆ ಬಂದಾಗ ಅಮ್ಮನ ಕಣ್ಣು ಅವನ ಕಡೆ ಒಂದು ಸಲ ಅರಳಿ ಕಿರಿದಾಗುತ್ತಿತ್ತು. ಮೊದಲ ಸಲ ಬೇಡ ಅನ್ನಬೇಕು. ಎರಡನೆಯ ಸಲ ಬೇಡ ಬೇಡ ಅನ್ನಬೇಕು. ಮೂರನೆಯ ಸಲ ಕೊಡುವವರು ತಟ್ಟೆಯನ್ನು ಎದೆಗೇ ತಾಗಿಸುತ್ತಾರೆ, ಆಗ ಒಂದೇ ಒಂದು ತೆಗೆದುಕೊಳ್ಳಬೇಕು. ಯಾರೂ ಬಾಯಿಬಿಟ್ಟು ಕಲಿಸಿದ್ದಲ್ಲ, ನಡೆಯಲು ಕಲಿತ ಹಾಗೆ ಕಲಿತದ್ದು. ಮಸ್ಕತ್ತಿನ ಗ್ಯಾರೇಜಿನಲ್ಲಿ ಹದಿನಾಲ್ಕು ವರ್ಷ ಇದೇ ಲೆಕ್ಕ ನಡೆದಿತ್ತು. ಅಲ್ಲಿ ಖರ್ಜೂರದ ಬಟ್ಟಲು ಐದು ಸಲ ಸುತ್ತುತ್ತಿತ್ತು. ಇಲ್ಲಿಗೆ ಬಂದು ಡಿಪೋಗೆ ಸೇರಿದ ಮೊದಲ ವಾರ ಯಾರೋ ಚಹಾ ಬೇಕೇ ಎಂದು ಕೇಳಿದಾಗ ಬೇಡ ಎಂದಿದ್ದ. ಕೇಳಿದವನು ಹೋಗಿ ಎಲ್ಲರಿಗೂ ತಂದ, ಬ್ಯಾಪ್ಟಿಸ್ಟನೊಬ್ಬನನ್ನು ಬಿಟ್ಟು. ಒಂದು ತಿಂಗಳು ಆರು ಜನ ಚಹಾ ಕುಡಿಯುವುದನ್ನು ನೋಡುತ್ತ ಕೈ ಕಟ್ಟಿ ನಿಂತ ಮೇಲೆ, ಒಂದು ಬೆಳಿಗ್ಗೆ ಕಿವಿ ಬಿಸಿಯಾಗುತ್ತ 'ಬೇಕು' ಎಂದಿದ್ದ. ಚಹಾಕ್ಕೆ ಕಲಿತಾಗಿತ್ತು. ಕಾರಿಗೂ ಅದೇ ಕಾನೂನು ಎಂದು ಹೊಳೆದಿರಲಿಲ್ಲ. ಅಥವಾ ಹೊಳೆದಿತ್ತೇ? ಆರು ವರ್ಷ ಒಂದು ಕಾಸು ಮುಟ್ಟದೆ ಕೆಲಸ ಮಾಡಿದವನು ಕೇಳಿದ ಕೂಡಲೇ ಕೈ ಚಾಚಿದರೆ, ಈ ಮನುಷ್ಯ ಇದಕ್ಕೇ ಬರುತ್ತಿದ್ದ ಎಂದು ಮುದುಕರಿಗೆ ಅನ್ನಿಸೀತೆಂದು ಹೆದರಿದ್ದನೇ? ಹಾಗಾದರೆ ಅದು ಮರ್ಯಾದೆಯಲ್ಲ, ಜಂಬ. ಆ ಶನಿವಾರದ ಮೇಲೆ ಇನ್ನೂ ನಾಲ್ಕು ಶನಿವಾರ ಅವನು ಎರಡನೆಯ ಪ್ರಶ್ನೆಗಾಗಿ ಕಾದಿದ್ದ. ಮೇ ತಿಂಗಳಲ್ಲಿ ಲೆಸ್ ಗ್ಲೆನೆಲ್ಗ್‌ನ ವೃದ್ಧರ ನಿವಾಸಕ್ಕೆ ಹೋದರು. ಅಲ್ಲಿಗೂ ಮೂರು ಸಲ ಹೋಗಿ ಕೂತು ಕಾದು ಬಂದ. ಅವರು ಸಮುದ್ರ ನೋಡುತ್ತಿದ್ದರು. ಕಾರಿನ ಮಾತು ಎತ್ತುತ್ತಿರಲಿಲ್ಲ.

ಶೆಡ್ಡಿನ ರೋಲರ್ ಬಾಗಿಲು ಮೇಲೆ ಹೋದಾಗ ಬಿಸಿಲು ಮೊದಲು ಚಕ್ರಗಳಿಗೆ, ಆಮೇಲೆ ಹೆಡ್‌ಲೈಟಿನ ಬಟ್ಟಲುಗಳಿಗೆ ತಾಗಿತು. ಅವನು ಬಟ್ಟೆ ತೆಗೆದುಕೊಂಡು ಒರೆಸತೊಡಗಿ, ಸ್ವಲ್ಪ ಹೊತ್ತಿನ ಮೇಲೆ ನಿಲ್ಲಿಸಿದ. ಯಾರಿಗಾಗಿ ಒರೆಸುತ್ತಿದ್ದೇನೆ? ಮದುಮಗಳನ್ನು ಸಿಂಗರಿಸುವ ಪಕ್ಕದ ಮನೆಯವನ ಹಾಗೆ. ಒರೆಸದಿದ್ದರೆ ಹೆಲೆನ್‌ಗೆ ಮೋಸ. ಮತ್ತೆ ಒರೆಸಿದ.

ಉತ್ತಮ್ ಟ್ಯಾಕ್ಸಿಯಿಂದ ಇಳಿದವನು ಮನೆಯ ಕಡೆ ನೋಡಲೇ ಇಲ್ಲ; ನೇರ ಶೆಡ್ಡಿನ ಕಡೆಗೆ ಬಂದು, ಹೊಸಿಲಲ್ಲಿ ನಿಂತು, ಎರಡು ಕೈಗಳಿಂದ ತಲೆ ಹಿಡಿದುಕೊಂಡ. "ಅಯ್ಯಯ್ಯೋ ಅಂಕಲ್! ಫೋಟೋದಲ್ಲಿ ಏನೂ ಇಲ್ಲ ಬಿಡಿ ಇದರ ಮುಂದೆ." ಮೂವತ್ತೈದರ ಹತ್ತಿರದ ವಯಸ್ಸು, ನಿದ್ದೆಗೆಟ್ಟ ಕಣ್ಣು. ಬೆಳಗಿನ ಮೊದಲ ವಿಮಾನಕ್ಕೆ ಹೊರಟು ಬಂದಿದ್ದ. "ಹೆಂಡ್ತಿ ಸಿಂಚನಾ ಬೈತಾನೇ ಇದ್ಳು, ನೋಡ್ದೇ ಇದ್ರೆ ಸತ್ತೋಗ್ತೀಯಾ ಅಂತ. ಹೂಂ ಕಣೇ ಅಂತ ಬಂದ್ಬಿಟ್ಟೆ." ಚೀಲದಿಂದ ಒಂದು ಡಬ್ಬಿ ತೆಗೆದ. "ಅಮ್ಮ ಬಂದಿದಾರೆ ಮೈಸೂರಿಂದ. ಕೋಡುಬಳೆ. ತಗೊಳ್ಳಿ."

"ಛೆ ಛೆ, ಇದೆಲ್ಲ ಎಂತಕ್ಕೆ."

"ತಗೊಳ್ಳಿ ಅಂಕಲ್."

"ಬೇಡ ಮಾರಾಯ್ರೆ, ನೀವು ಇಟ್ಟುಕೊಳ್ಳಿ, ಸಂಜೆ ಪ್ರಯಾಣ ಉಂಟಲ್ಲ."

"ಅಂಕಲ್, ವಾಪಸ್ ತಗೊಂಡೋದ್ರೆ ಅಮ್ಮ ನನ್ನನ್ನ ಮನೆ ಒಳಗೆ ಸೇರಿಸಲ್ಲ!" ಎಂದು ಡಬ್ಬಿಯನ್ನು ಅವನ ಕೈಗೇ ಒತ್ತಿದ. ಬ್ಯಾಪ್ಟಿಸ್ಟ್ ತೆಗೆದುಕೊಂಡ. ಎಷ್ಟು ಸರಾಗವಾಗಿ ನಡೆದುಹೋಯಿತು! ಏಳು ತಿಂಗಳ ಹಿಂದೆ ಇದೇ ಶೆಡ್ಡಿನಲ್ಲಿ ಇದೇ ಆಟ ಅರ್ಧಕ್ಕೆ ನಿಂತದ್ದು ನೆನಪಾಗಿ—ಏಳಲ್ಲ, ಐದು ತಿಂಗಳು, ಅದನ್ನೂ ಸರಿಯಾಗಿ ಎಣಿಸಲಾರದಾದೆನೇ—ಅವನಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ.

ಆಮೇಲೆ ಅವನು ದೋಷಗಳನ್ನು ಹೇಳತೊಡಗಿದ. ಹೇಳಲೇಬೇಕು; ಕೊಳ್ಳುವವನು ಸಾವಿರದ ಆರುನೂರು ಕಿಲೋಮೀಟರು ಹಾರಿ ಬಂದಿದ್ದಾನೆ. ಎಡಬಾಗಿಲಿನ ಕೆಳಗೆ ಒಂದು ಕಡೆ ತುಕ್ಕು ಕತ್ತರಿಸಿ ತಗಡು ಬೆಸೆದದ್ದಿದೆ, ಬಣ್ಣದಲ್ಲಿ ಕಾಣುವುದಿಲ್ಲ. ಬೇಸಗೆಯಲ್ಲಿ ಟ್ರಾಫಿಕ್ಕಿನಲ್ಲಿ ನಿಂತರೆ ಎಂಜಿನ್ನು ಬಿಸಿಯಾಗುತ್ತದೆ. ಹಿಂದಿನ ಕಿಟಕಿಯಿಂದ ಏನೂ ಕಾಣುವುದಿಲ್ಲ, ಮಾಡು ತಗ್ಗಿಸಿದ್ದರಿಂದ. ಎತ್ತರದವರಿಗೆ ತಲೆ ತಾಗುತ್ತದೆ. ಮಳೆ ಬಂದರೆ ಬಲಗಡೆ ಕಾಲಿನ ಹತ್ತಿರ ಒಂದು ಹನಿ ಬೀಳುತ್ತದೆ, ಎಲ್ಲಿಂದ ಎಂದು ಆರು ವರ್ಷದಿಂದ ಗೊತ್ತಾಗಿಲ್ಲ. ಡಿಕ್ಕಿಯ ಬೀಗ ಕೆಲವು ಸಲ ಒಳಗಿನಿಂದ ಹಿಡಿದುಕೊಳ್ಳುತ್ತದೆ. ಹೇಳುತ್ತ ಹೋದ ಹಾಗೆ ಅವನ ದನಿ ಬಿಸಿಯೇರಿತು. ಹನ್ನೊಂದನೆಯದೋ ಹನ್ನೆರಡನೆಯದೋ ದೋಷಕ್ಕೆ ಬಂದಾಗ ಉತ್ತಮ್ ಎದ್ದು ನಿಂತು ಅವನ ಮುಖವನ್ನೇ ನೋಡಿ ನಕ್ಕ.

"ಅಂಕಲ್, ತಪ್ಪು ತಿಳ್ಕೋಬೇಡಿ. ನೀವು ಮಾರೋಕೆ ಬಂದಿದೀರೋ, ಮಾರದೇ ಇರೋಕೆ ಬಂದಿದೀರೋ?"

ತಮಾಷೆಯ ಮಾತೇ. ಆದರೆ ಬ್ಯಾಪ್ಟಿಸ್ಟ್ ಹೇಳಿದ್ದನ್ನೆಲ್ಲ ಮನಸ್ಸಿನಲ್ಲೇ ಮತ್ತೆ ಎಣಿಸಿದ. ತಾನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಎಲ್ಲವೂ ನಿಜವಾಗಿದ್ದೂ ಒಟ್ಟು ಸೇರಿ ಸುಳ್ಳಾಗಬಹುದೇ? ಸತ್ಯ ಹೇಳುವ ನೆಪದಲ್ಲಿ ಈ ಹುಡುಗನನ್ನು ಬರಿಗೈಲಿ ಬ್ರಿಸ್ಬೇನಿಗೆ ಓಡಿಸುವ ಹಂಚಿಕೆ ತನಗೇ ತಿಳಿಯದ ಹಾಗೆ ಒಳಗೆ ಯಾರೋ ಹೂಡಿದ್ದರೇ? ನಾಚಿಕೆಯಿಂದ ಅವನು ಈಗ ತಿರುಗಿ ಹೊಗಳತೊಡಗಿದ. ಎಂಜಿನ್ನಿನ ಸದ್ದು ಕೇಳಬೇಕು ನೀವು, ಸೀಟಿನ ಚರ್ಮ ನೋಡಿ, ಈ ಬ್ರೇಕು ಹಾಕಿಸಿದ್ದು ಹೋದ ವರ್ಷ. ಹೊಗಳಿಕೆಯೂ ಅತಿಯಾಯಿತೆಂದು ಅವನಿಗೇ ಕೇಳಿಸಿತು.

ಅಷ್ಟರಲ್ಲಿ ಉತ್ತಮ್ ಫೋನಿನ ಬೆಳಕು ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿದ್ದ. ಆಮೇಲೆ ಒಳಗಿನಿಂದ ಕೂಗು ಬಂತು. "ಎಡ ದೀಪ... ಬಲ ದೀಪ... ಹಾರ್ನು... ಅಂಕಲ್! ಕನ್ನಡ! ಇಷ್ಟೂ ಕನ್ನಡದಲ್ಲಿ ಬರ್ದಿದೀರಾ?"

ಬ್ಯಾಪ್ಟಿಸ್ಟ್ ಅದನ್ನು ಮರೆತೇಬಿಟ್ಟಿದ್ದ. ಮರೆತಿದ್ದ ಎನ್ನುವುದಕ್ಕಿಂತ, ಅದು ಬೇರೆಯವರ ಕಣ್ಣಿಗೆ ಬೀಳುವ ವಸ್ತು ಎಂದು ಅನ್ನಿಸಿರಲೇ ಇಲ್ಲ. ಮಂಗಳೂರಿನಲ್ಲಿ ಹಗಲು ಗ್ಯಾರೇಜಿನಲ್ಲಿ ದುಡಿದು ಸಂಜೆ ತರಗತಿಗೆ ಹೋಗುತ್ತಿದ್ದ ದಿನಗಳಲ್ಲಿ ರಮಾಕಾಂತ್ ಮಾಸ್ತರು ಹೇಳಿದ್ದು ಒಂದೇ: ಹೆಸರು ಬರೆಯದ ವಯರನ್ನು ಮುಟ್ಟಬೇಡಿ. ಅಂದಿನಿಂದ ಯಾವ ವಾಹನದ ಕೆಲಸ ಮಾಡಿದರೂ ಬಿಳಿ ಪಟ್ಟಿಯ ಮೇಲೆ ಸಣ್ಣ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಸುತ್ತುತ್ತಿದ್ದ. ಇಂಗ್ಲಿಷಿನಲ್ಲಿ ಬರೆದರೆ ತಪ್ಪಿದೆನೇನೋ ಎಂಬ ಅಂಜಿಕೆ. ಈ ಕಾರಿನಲ್ಲಿ ಅಂಥ ನೂರ ಹದಿನೆಂಟು ಪಟ್ಟಿಗಳಿದ್ದವು. ಲೆಸ್ ಮೊದಲ ಸಲ ನೋಡಿ, "ಜಿಲೇಬಿ ಸುತ್ತಿದ್ದೀಯಲ್ಲೋ" ಎನ್ನುವಂಥದೇನೋ ಅವರ ಭಾಷೆಯಲ್ಲಿ ಹೇಳಿ ನಕ್ಕಿದ್ದರು. ಆಮೇಲೆ ಆಮೇಲೆ ಕನ್ನಡಕ ಏರಿಸಿ, ಹಾರ್ನಿನ ಪಟ್ಟಿ ಯಾವುದೆಂದು ಆಕಾರದಿಂದಲೇ ಹಿಡಿಯುತ್ತಿದ್ದರು.

ಉತ್ತಮ್ ಹೊರಗೆ ಬಂದಾಗ ಅವನ ಕಣ್ಣು ಬೇರೆಯಾಗಿತ್ತು. "ಇದು ನಮ್ ಗಾಡಿ ಅಂಕಲ್. ಇದು ನಂಗೇ ಅಂತ ಬರ್ದಿರೋದು. ನಾನು ಇನ್ನೇನೂ ನೋಡಲ್ಲ." ಹನ್ನೆರಡು ದೋಷಗಳು ಮಾಡಹೊರಟ ಕೆಲಸವನ್ನು ಮೂರು ಪಟ್ಟಿಗಳು ಉಲ್ಟಾ ಮಾಡಿಬಿಟ್ಟವು. ತನ್ನ ಕೈಬರಹವೇ ತನ್ನ ವಿರುದ್ಧ ಸಾಕ್ಷಿ ಹೇಳಿದ ಹಾಗೆ ಬ್ಯಾಪ್ಟಿಸ್ಟ್ ನಿಂತಿದ್ದ.

ಉತ್ತಮ್ ಅಲ್ಲಿಂದಲೇ ಹೆಲೆನ್‌ಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದ. ಪರ್ತ್‌ನಲ್ಲಿ ಇನ್ನೂ ತಿಂಡಿಯ ಹೊತ್ತು. ಹಿಂದೆ ಪಾತ್ರೆಗಳ ಸದ್ದು. ಮಾತು ಐದು ನಿಮಿಷದಲ್ಲಿ ಮುಗಿಯಿತು. ಅವಳು ಖುಷಿಯಾಗಿದ್ದಳು. ಕಾಗದ ಇನ್ನೂ ತಂದೆಯ ಹೆಸರಿನಲ್ಲೇ ಇದೆ, ಗ್ಲೆನೆಲ್ಗ್‌ಗೆ ಹೋಗಿ ಅವರ ಸಹಿ ಹಾಕಿಸಿಕೊಂಡರಾಯಿತು ಎಂದಳು. ಇಡುವ ಮೊದಲು, "ಅಪ್ಪನಿಗೂ ಸಮಾಧಾನವಾಗುತ್ತದೆ. ಮೊದಲು ಬ್ಯಾಪ್ಟಿಸ್ಟ್‌ಗೇ ಕೊಡಬೇಕೆಂದಿದ್ದರು, ಅವನಿಗೆ ಬೇಡವಾಯಿತು. ಅಲ್ಲವೇ ಬ್ಯಾಪ್ಟಿಸ್ಟ್? ಅಪ್ಪ ಅದನ್ನು ಸ್ವಲ್ಪ ಮನಸ್ಸಿಗೆ ಹಚ್ಚಿಕೊಂಡಿದ್ದರು. ಪಾಪ, ಇಷ್ಟು ವರ್ಷ ಈ ಮುದುಕನ ಮೇಲಿನ ಕನಿಕರಕ್ಕೆ ಬರುತ್ತಿದ್ದನೋ ಏನೋ ಅನ್ನುತ್ತಿದ್ದರು. ನಾನು ಹಾಗೇನಿಲ್ಲ ಎಂದೆ" ಎಂದಳು.

"ಇಲ್ಲ ಇಲ್ಲ, ಹೆಲೆನ್" ಎಂದ ಬ್ಯಾಪ್ಟಿಸ್ಟ್. ಯಾವುದಕ್ಕೆ ಇಲ್ಲ ಎಂದನೋ ಅವಳಿಗೂ ತಿಳಿದಿರಲಿಕ್ಕಿಲ್ಲ. ಫೋನು ಆಗಲೇ ಇಟ್ಟಾಗಿತ್ತು.

ಕನಿಕರ. ಆರು ವರ್ಷದ ಶನಿವಾರಗಳು ಒಂದೊಂದಾಗಿ ಬಂದು ಆ ಶಬ್ದದ ಮುಂದೆ ನಿಂತವು. ಮೊದಲ ಸಲ ಸ್ಟೇಷನ್ನಿನಿಂದ ನಡೆದು ಬರುತ್ತಿದ್ದಾಗ ಈ ಬಾಗಿಲೊಳಗೆ ಹೊಗೆ ಕಂಡು, ಮುದುಕರೊಬ್ಬರು ಸುಟ್ಟ ವಯರು ಹಿಡಿದು ಬೈಯುತ್ತಿದ್ದದ್ದು. ಇವನು ಕೇಳದೆ ಒಳಗೆ ಹೋಗಿ ಬ್ಯಾಟರಿಯ ತಂತಿ ಕಿತ್ತದ್ದು. ಇಬ್ಬರೂ ಒಂದೇ ಸ್ಕ್ರೂ ಹುಡುಕುತ್ತ ಒಂದು ಇಡೀ ಮಧ್ಯಾಹ್ನ ನೆಲದ ಮೇಲೆ ಮೊಣಕಾಲೂರಿ ಹರಿದಾಡಿದ್ದು. ಎಂಜಿನ್ನು ಮೊದಲ ಸಲ ಹಿಡಿದಾಗ ಲೆಸ್ ಅವನ ಬೆನ್ನಿಗೆ ಹೊಡೆದ ಪೆಟ್ಟು ಎರಡು ದಿನ ನೋಯುತ್ತಿದ್ದದ್ದು. ಇಡೀ ವಾರದಲ್ಲಿ ತನಗೆ ಏನಾದರೂ ಗೊತ್ತಿದೆ ಎಂದು ಅವನಿಗೆ ಅನ್ನಿಸುತ್ತಿದ್ದದ್ದು ಆ ಮೂರು ಗಂಟೆಗಳಲ್ಲಿ ಮಾತ್ರ. ಅದನ್ನೇ ಆ ಮನುಷ್ಯ ಸಮುದ್ರದ ಮುಂದೆ ಕೂತು ಕನಿಕರ ಎಂದು ತಿದ್ದಿಕೊಳ್ಳುತ್ತಿದ್ದಾರೆ. ಕಾರು ಹೋಗಲಿ, ಇದು ಹೀಗೇ ಉಳಿಯಬಾರದು. ಕಾರು ಹೋಗಲಿ ಎಂದು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿ ನೋಡಿದ. ಹೋಗಲಿ ಎಂದದ್ದು ನಿಜವೇ ಎಂದು ತಿಳಿಯಲಿಲ್ಲ.

"ನಿಮಗೇ ಕೊಡ್ತೀನಿ ಅಂದಿದ್ರಾ ಅಂಕಲ್?" ಉತ್ತಮ್ ಕೇಳಿದ. ದನಿ ಸಣ್ಣದಾಗಿತ್ತು. "ಯಾಕೆ ಬೇಡ ಅಂದ್ರಿ?"

"ಎಲ್ಲಿ ಇಡುದು? ನಮ್ಮಲ್ಲಿ ಜಾಗ ಇಲ್ಲ."

"ಅಷ್ಟೇನಾ?"

"ಮತ್ತೆಂತ."

ಉತ್ತಮ್ ಉಸಿರು ಬಿಟ್ಟದ್ದು ಕೇಳಿಸಿತು. "ನಾನು ಚೆನ್ನಾಗಿ ನೋಡ್ಕೋತೀನಿ ಅಂಕಲ್. ಪ್ರಾಮಿಸ್."

ಗ್ಲೆನೆಲ್ಗ್‌ಗೆ ಮುಕ್ಕಾಲು ಗಂಟೆ ದಾರಿ. ಉತ್ತಮ್ ಓಡಿಸಿದ, ಬ್ಯಾಪ್ಟಿಸ್ಟ್ ಎಡಗಡೆ ಕೂತ. ಆರು ವರ್ಷದಲ್ಲಿ ಅವನು ಈ ಸೀಟಿನಲ್ಲಿ ಕೂತದ್ದು ಲೆಕ್ಕವಿಲ್ಲದಷ್ಟು ಸಲ. ಆದರೆ ಪ್ರತಿಸಲವೂ ತಲೆ ಕೆಳಗೆ ಹಾಕಿ ಯಾವುದೋ ತಂತಿಯ ಜೊತೆಗೇ. ಈ ತಗ್ಗು ಕಿಟಕಿಯಿಂದ ಸೌತ್ ರೋಡು ಹೀಗೆ ಕಾಣುತ್ತದೆಂದು, ಲಾರಿಗಳ ಚಕ್ರದ ಮಟ್ಟಕ್ಕೆ ಕಣ್ಣು ಬರುತ್ತದೆಂದು ಗೊತ್ತಿರಲಿಲ್ಲ. ಪಕ್ಕದ ಕಾರುಗಳವರು ಹೆಬ್ಬೆರಳೆತ್ತಿ ತೋರಿಸುತ್ತಿದ್ದರು. ಉತ್ತಮ್ ಪ್ರತಿಯೊಬ್ಬರಿಗೂ ಕೈಯೆತ್ತುತ್ತಿದ್ದ. ಬ್ಯಾಪ್ಟಿಸ್ಟ್ ಲೆಸ್‌ಗೆ ಹೇಳಬೇಕಾದ ಮಾತನ್ನು ಇಂಗ್ಲಿಷಿನಲ್ಲಿ ಜೋಡಿಸುತ್ತಿದ್ದ. ನನಗೆ ಬೇಕಿತ್ತು. ಹಾಗೆಂದರೆ ಈಗ ಕೇಳಿದ ಹಾಗಾಗುತ್ತದೆ, ಕೊಳ್ಳುವವನ ಎದುರಿಗೇ. ಬೇಡವಾಗಿರಲಿಲ್ಲ. ಅದೂ ಹಾಗೆಯೇ. ನಾನು ಖುಷಿಯಿಂದ ಬರುತ್ತಿದ್ದೆ. ಇದು ನಿಜ, ಆದರೆ ಕನಿಕರದವರೂ ಇದನ್ನೇ ಹೇಳುತ್ತಾರೆ.

ನಿವಾಸದ ಎದುರು ಕಾರು ನಿಂತಾಗ ವರಾಂಡದಲ್ಲಿದ್ದ ನಾಲ್ಕೈದು ಮುದುಕರು ಎದ್ದು ಬಂದರು. ಲೆಸ್ ಗಾಲಿಕುರ್ಚಿಯಲ್ಲಿ, ಮೊಣಕಾಲ ಮೇಲೆ ಚೌಕಳಿ ಕಂಬಳಿ ಹೊದ್ದು, ಫುಟ್‌ಪಾತಿನ ಅಂಚಿಗೇ ಬಂದು ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟರು. ಕುದುರೆಯ ಕುತ್ತಿಗೆಗೆ ಇಡುವ ಹಾಗೆ. "ಹಾಳಾದವಳು ಚೆನ್ನಾಗೇ ಇದ್ದಾಳೆ" ಎಂದರು. ಉತ್ತಮನ ಕೈ ಕುಲುಕಿದರು. ಬ್ಯಾಪ್ಟಿಸ್ಟನ ಕಡೆ ನೋಡಿ ಗದ್ದ ಒಂದಿಷ್ಟು ಎತ್ತಿದರು, ಅಷ್ಟೆ. ಉತ್ತಮ್ ಕಾಗದವನ್ನು ಬಾನೆಟ್ಟಿನ ಮೇಲಿಟ್ಟು ಪೆನ್ನು ಕೊಟ್ಟ.

"ಲೆಸ್" ಎಂದ ಬ್ಯಾಪ್ಟಿಸ್ಟ್. ಜೋಡಿಸಿದ್ದೆಲ್ಲ ಚದುರಿತು. "ಆ ದಿನ ನನಗೆ ಬೇಕಿತ್ತು."

ಪೆನ್ನು ನಿಂತಿತು. "ಏನು?"

"ಕಾರು. ನೀವು ಕೇಳಿದ ದಿನ. ನನಗೆ ಬೇಕಿತ್ತು. ಕನಿಕರ ಅಲ್ಲ. ಯಾವತ್ತೂ ಅಲ್ಲ."

"ಮತ್ತೆ ಬೇಡ ಅಂದದ್ದೇಕೆ, ಪುಣ್ಯಾತ್ಮ?"

"ನಮ್ಮಲ್ಲಿ ಮೊದಲ ಸಲ ಹಾಗೇ ಹೇಳುವುದು. ಕೇಳುವವರು ಮತ್ತೆ ಕೇಳುತ್ತಾರೆ."

ಲೆಸ್ ಅವನನ್ನು ನೋಡಿದರು. ಆಮೇಲೆ ಉತ್ತಮನನ್ನು ನೋಡಿದರು, ಇದು ನಿಜವೇ ಎಂಬಂತೆ. ಉತ್ತಮ್ ಒಲ್ಲದ ಮನಸ್ಸಿನಿಂದ ತಲೆಯಾಡಿಸಿದ.

"ಎಷ್ಟು ಸಲ ಕೇಳಬೇಕಿತ್ತು ನಾನು?"

"ಮೂರು."

"ಮೂರು!" ಮುದುಕರು ಎದೆಯಿಂದ ಬಂದ ನಗೆಗೆ ಕೆಮ್ಮಿದರು, ಕಣ್ಣಲ್ಲಿ ನೀರು ಬಂತು. ಅದು ಕೆಮ್ಮಿನದೋ ಅಲ್ಲವೋ. "ಐದು ತಿಂಗಳು ಬ್ಯಾಪ್. ಐದು ತಿಂಗಳು ನಾನು ಏನೇನೋ ಅಂದುಕೊಂಡು ಕೂತಿದ್ದೆ." ಕಂಬಳಿಯ ತುದಿಯಿಂದ ಮುಖ ಒರೆಸಿಕೊಂಡು, ಪೆನ್ನನ್ನು ಕಾಗದದಿಂದ ಎತ್ತಿ ಹಿಡಿದರು. "ಸಹಿ ಇನ್ನೂ ಹಾಕಿಲ್ಲ. ಮೊದಲನೆಯದು. ನಿನಗೆ ಬೇಕಾ ಇದು?"

"ಬೇಡ, ಲೆಸ್" ಎಂದ ಬ್ಯಾಪ್ಟಿಸ್ಟ್ ಇಂಗ್ಲಿಷಿನಲ್ಲಿ. ಅದು ನಿಜವಾದ ಬೇಡ. ಪಕ್ಕದಲ್ಲಿ ನಿಂತಿರುವ ಹುಡುಗನಿಗೆ ಮಾತು ಕೊಟ್ಟಾಗಿದೆ.

"ಎರಡನೆಯದು." ಎರಡು ಬೆರಳು ಎತ್ತಿದರು.

"ಬೇಡ ಬೇಡ. ಇವರು ಬ್ರಿಸ್ಬೇನಿನಿಂದ ಬಂದಿದ್ದಾರೆ."

"ಇವರ ವಿಷಯ ನಾನು ಕೇಳಲಿಲ್ಲ. ಮೂರನೆಯದು."

ಟ್ರ್ಯಾಮು ಗಂಟೆ ಬಾರಿಸುತ್ತ ಬೀದಿಯ ತುದಿಗೆ ತಿರುಗಿತು. ಬ್ಯಾಪ್ಟಿಸ್ಟ್ ಬಾಯಿ ತೆರೆದಾಗ ಅಲ್ಲಿ ಇಂಗ್ಲಿಷಿನ ಯಾವ ಶಬ್ದವೂ ಇರಲಿಲ್ಲ. ಹೌದು ಎನ್ನಲು ಆ ಭಾಷೆಯಲ್ಲಿ ಒಂದೇ ಅಕ್ಷರದಷ್ಟು ಮಾತು ಸಾಕು, ಡಿಪೋದಲ್ಲಿ ದಿನಕ್ಕೆ ನೂರು ಸಲ ಹೇಳುತ್ತಾನೆ. ಅದು ಎಲ್ಲಿಯೋ ದೂರ ಹೋಗಿ ನಿಂತಿತ್ತು.

"ಬೇಕು" ಎಂದ, ಕನ್ನಡದಲ್ಲಿ. ದೊಡ್ಡದಾಗಿಯೇ ಹೇಳಿದ್ದ.

ಲೆಸ್ ಹುಬ್ಬೇರಿಸಿ ಉತ್ತಮನ ಕಡೆ ತಿರುಗಿದರು. "ಏನಂದ?"

ಉತ್ತಮ್ ಕಾರನ್ನು ನೋಡುತ್ತಿದ್ದ. ಅವನ ಕತ್ತು ಕೆಳಗಿನಿಂದ ಮೇಲಕ್ಕೆ ಕೆಂಪಾಗುತ್ತ ಬರುವುದು ಬ್ಯಾಪ್ಟಿಸ್ಟನಿಗೆ ಕಾಣಿಸಿತು. ಉತ್ತಮ್ ತುಂಬ ಶುದ್ಧವಾದ ಇಂಗ್ಲಿಷಿನಲ್ಲಿ, "ಇರಲಿ ಅನ್ನುತ್ತಿದ್ದಾರೆ. ಒಳ್ಳೆಯವರ ಕೈಗೆ ಹೋಗುತ್ತಿದೆ, ತನಗೆ ಸಂತೋಷ ಅನ್ನುತ್ತಿದ್ದಾರೆ" ಎಂದ.

ಲೆಸ್ ಬ್ಯಾಪ್ಟಿಸ್ಟನನ್ನೇ ನೋಡಿದರು. ಬಹಳ ಹೊತ್ತು ನೋಡಿದರು. ಅವನು ಹೇಳಬಹುದಿತ್ತು. ಅಲ್ಲ, ನಾನು ಹೇಳಿದ್ದು ಬೇರೆ ಎಂದು ಎಷ್ಟು ಕೆಟ್ಟ ಇಂಗ್ಲಿಷಿನಲ್ಲಾದರೂ ಹೇಳಬಹುದಿತ್ತು. ಆದರೆ ಹಾಗೆ ಹೇಳಿದರೆ ಇಷ್ಟು ಜನರ ಎದುರು ಆ ಹುಡುಗ ಸುಳ್ಳನಾಗುತ್ತಾನೆ. ಅವನ ಅಮ್ಮ ಮಾಡಿ ಕಳಿಸಿದ್ದನ್ನು ತೆಗೆದುಕೊಂಡಾಗಿದೆ. ಇದು ಕಾರಣವೇ, ಇಲ್ಲ ಈ ಕಾರಣ ಸಿಕ್ಕಿದ್ದಕ್ಕೆ ತನಗೆ ಹಾಯೆನಿಸಿತೇ? ಅವನ ತಲೆ ತಾನಾಗಿ ಮೇಲೆ ಕೆಳಗೆ ಆಡಿತು. ಹೌದು, ಹಾಗೇ ಅಂದೆ.

"ಮೂರು ಸಲ ಕೇಳಿದ್ದೇನೆ, ನೆನಪಿರಲಿ" ಎಂದು ಲೆಸ್ ಸಹಿ ಹಾಕಿದರು. ಆಮೇಲೆ ಬ್ಯಾಪ್ಟಿಸ್ಟನ ಮುಂಗೈ ಹಿಡಿದು ಒಂದು ಸಲ ಗಟ್ಟಿಯಾಗಿ ಅದುಮಿ, "ಶನಿವಾರ ಬಾ. ಇಲ್ಲಿ ಲಿಫ್ಟಿನ ವಯರಿಂಗು ನೋಡಿದರೆ ನಿನಗೆ ವಾಂತಿ ಬರುತ್ತದೆ" ಎಂದರು.

ಹಿಂದಿರುಗುವಾಗ ಪಕ್ಕದ ಕಾರಿನವರು ಹೆಬ್ಬೆರಳೆತ್ತಿದರೆ ಉತ್ತಮ್ ಈಗ ಕೈಯೆತ್ತುತ್ತಿರಲಿಲ್ಲ. ಒಂದು ಕೆಂಪು ದೀಪದಲ್ಲಿ ನಿಂತಾಗ ಎದುರಿಗೇ ನೋಡುತ್ತ, "ಅಂಕಲ್, ಅಲ್ಲಿ ನೀವು ಹೇಳಿದ್ದು... ನಂಗೆ ಸರಿಯಾಗಿ ಕೇಳಿಸ್ಲಿಲ್ಲ" ಎಂದ. ದೀಪ ಹಸಿರಾಯಿತು. ಅವನು ಗಿಯರು ಹಾಕಲು ಹೋದ. ಅದು ಕರ್ರೆಂದು ಹಲ್ಲು ಕಡಿದು ಹಿಮ್ಮೆಟ್ಟಿತು. ಹಿಂದಿನವನು ಹಾರ್ನು ಹೊಡೆದ. ಉತ್ತಮ್ ಇನ್ನೊಮ್ಮೆ ಒತ್ತಿದ, ಮತ್ತೆ ಅದೇ ಸದ್ದು. ಬ್ಯಾಪ್ಟಿಸ್ಟ್ ಕೈ ಚಾಚಿ, ಗಿಯರಿನ ಗುಂಡಿಯ ಮೇಲಿದ್ದ ಆ ಬೆವರಿದ ಕೈಯ ಮೇಲೆ ತನ್ನ ಕೈಯಿಟ್ಟ.

"ಅವಸರ ಮಾಡಬೇಡಿ. ಕ್ಲಚ್ಚು ಒಂದು ಸಲ ಪೂರ್ತಿ ಬಿಟ್ಟುಬಿಡಿ. ಹಾಂ. ಈಗ ಮತ್ತೆ ಒತ್ತಿ, ಗಿಯರನ್ನು ನನ್ನ ಕಡೆ ಸರಿಸಿ ಮೇಲೆ ತಳ್ಳಿ, ಮೆಲ್ಲ. ಇದು ಎಲ್ಲರಿಗೂ ಹಿಡಿಯುದಿಲ್ಲ, ಕಲೀಬೇಕು" ಎಂದ. ಗಿಯರು ಬಿತ್ತು. ಅವನು ಕೈ ತೆಗೆದುಕೊಂಡ.